ರೈಲು ಶೌಚಾಲಯದ ಫ್ಲಶ್: ಸೋಲುವುದು ಎಲ್ಲಿ? ಪರೀಕ್ಷೆಗೆ ಬೇಕಾದ ಮುಖ್ಯಾಂಶಗಳು

ಹಿಂದೂಪುರ, ಮಡಕಶಿರ, ಕಲ್ಯಾಣದುರ್ಗದ ಕಡೆಯಿಂದ ರೈಲ್ವೆ ನೇಮಕಾತಿ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯುವವರಿಗೆ ಈ ಟಿಪ್ಪಣಿ. ಸಾಮಾನ್ಯ ವಿಜ್ಞಾನ, ರೈಲ್ವೆ ಇತಿಹಾಸ, ತಂತ್ರಜ್ಞರ ಹುದ್ದೆಯ ಪ್ರಶ್ನೆ, ಈ ಮೂರಕ್ಕೂ ಶೌಚಾಲಯ ಎಂಬ ಒಂದೇ ವಿಷಯದಿಂದ ಉತ್ತರ ಸಿಗುತ್ತದೆ. ನಾಚಿಕೆಪಟ್ಟು ಬಿಡುವಂಥದ್ದಲ್ಲ.

ಊರು, ಮಾರ್ಗ

ಹಿಂದೂಪುರ ಈಗ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಆ ಜಿಲ್ಲೆ ಹುಟ್ಟಿದ್ದು 2022ರ ಏಪ್ರಿಲ್ 4ರಂದು, ಕೇಂದ್ರಸ್ಥಾನ ಪುಟ್ಟಪರ್ತಿ. ಕಲ್ಯಾಣದುರ್ಗ ಅನಂತಪುರ ಜಿಲ್ಲೆಯಲ್ಲೇ ಉಳಿಯಿತು. ಹಿಂದೂಪುರ ನಿಲ್ದಾಣ ನೈಋತ್ಯ ರೈಲ್ವೆಯ ಬೆಂಗಳೂರು ವಿಭಾಗಕ್ಕೆ ಸೇರಿದೆ. ಕಲ್ಯಾಣದುರ್ಗ ಇರುವುದು ರಾಯದುರ್ಗ–ತುಮಕೂರು ಹೊಸ ಮಾರ್ಗದಲ್ಲಿ. ಮಡಕಶಿರ, ಪಾವಗಡ, ಮಧುಗಿರಿ, ಕೊರಟಗೆರೆ ಇದೇ ಯೋಜನೆಯ ಊರುಗಳು.

ಕಾಚಿಗುಡ–ಯಶವಂತಪುರ ವಂದೇ ಭಾರತ್ 2023ರ ಸೆಪ್ಟೆಂಬರ್ 24ರಂದು ಆರಂಭವಾಯಿತು. ಅದು ಓಡುವುದು ಧರ್ಮಾವರಂ–ಹಿಂದೂಪುರ ಹಳಿಯ ಮೇಲೆಯೇ. ಹಾಗಾಗಿ ಜೈವಿಕ ಶೌಚಾಲಯದ ಬೋಗಿಗಳೂ ವಂದೇ ಭಾರತ್‌ನ ನಿರ್ವಾತ ಶೌಚಾಲಯದ ಬೋಗಿಗಳೂ ಹಿಂದೂಪುರದ ಮೇಲೆ ಹಾದುಹೋಗುತ್ತವೆ.

ಇತಿಹಾಸ, ಬೇಗನೆ

- 1909: ಓಖಿಲ್ ಚಂದ್ರ ಸೇನ್ ಸಾಹಿಬ್‌ಗಂಜ್ ವಿಭಾಗೀಯ ಕಚೇರಿಗೆ ಬರೆದ ದೂರು ಪತ್ರ. ಹಲಸಿನ ಹಣ್ಣು ತಿಂದು ಹೊಟ್ಟೆ ಕೆಟ್ಟು, ಅಹ್ಮದ್‌ಪುರ ನಿಲ್ದಾಣದಲ್ಲಿ ಇಳಿದಾಗ ರೈಲು ಹೊರಟುಹೋಯಿತು ಎಂಬುದು ಅವರ ಅಳಲು. ಕೆಳದರ್ಜೆಯ ಬೋಗಿಗೂ ಶೌಚಾಲಯ ಬಂದದ್ದಕ್ಕೆ ಈ ಪತ್ರವೇ ಕಾರಣ ಎಂದು ಹೇಳುವುದುಂಟು. ಪತ್ರ ನವದೆಹಲಿಯ ರಾಷ್ಟ್ರೀಯ ರೈಲು ವಸ್ತುಸಂಗ್ರಹಾಲಯದ ಆಸ್ತಿ.
- 2011: ಗ್ವಾಲಿಯರ್–ವಾರಾಣಸಿ ಬುಂದೇಲ್‌ಖಂಡ್ ಎಕ್ಸ್‌ಪ್ರೆಸ್, ಜೈವಿಕ ಶೌಚಾಲಯ ಹೊತ್ತ ಮೊದಲ ರೈಲು. ತಂತ್ರಜ್ಞಾನ ಡಿಆರ್‌ಡಿಒದ್ದು.
- 2015: ದಿಬ್ರುಗಢ ರಾಜಧಾನಿಯಲ್ಲಿ ನಿರ್ವಾತ ಜೈವಿಕ ಶೌಚಾಲಯದ ಪ್ರಯೋಗ.
- 2019: ಪ್ರಯಾಣಿಕರ ಬೋಗಿಗಳಿಗೆಲ್ಲ ಜೈವಿಕ ಶೌಚಾಲಯ ಅಳವಡಿಸುವ ಕೆಲಸ ಬಹುತೇಕ ಪೂರ್ಣ. ಹಳಿಯ ಮೇಲೆ ಮಲ ಬೀಳುವುದು ನಿಂತಿದ್ದರಿಂದ ಹಳಿಗೆ ತುಕ್ಕು ಹಿಡಿಯುವುದೂ ಕಡಿಮೆಯಾಯಿತು. ಪರೀಕ್ಷೆಯಲ್ಲಿ ಕೇಳುವುದು ಈ ಎರಡನೆಯ ಲಾಭವನ್ನು.

ಮುಖ್ಯ ಪ್ರಶ್ನೆ: ಫ್ಲಶ್ ಒತ್ತಿದರೂ ಹೋಗುತ್ತಿಲ್ಲ. ಏಕೆ?

ಮಲವನ್ನು ತಳ್ಳುವ ಶಕ್ತಿ ಯಾವುದು ಎಂದು ಮೊದಲು ಕೇಳಿಕೊಳ್ಳಿ. ಜೈವಿಕ ಶೌಚಾಲಯದಲ್ಲಿ ನೀರಿನ ಭಾರ, ನಿರ್ವಾತ ಶೌಚಾಲಯದಲ್ಲಿ ಗಾಳಿ, ವಿದೇಶದ ಮನೆಬಸ್ಸುಗಳಲ್ಲಿ ಕಾಣುವ ಮಲ ಅರೆಯುವ ಶೌಚಾಲಯದಲ್ಲಿ ವಿದ್ಯುತ್ ಮೋಟಾರು. ಇದು ಗೊತ್ತಾದರೆ ಹುಡುಕಾಟ ಅರ್ಧ ಮುಗಿದಂತೆ. ತಪ್ಪು ಉತ್ತರ ಬರೆಯುವವರಲ್ಲಿ ಹೆಚ್ಚಿನವರು ಎಲ್ಲಕ್ಕೂ ನೀರನ್ನೇ ದೂರುತ್ತಾರೆ.

*ಜೈವಿಕ ಶೌಚಾಲಯ.* ಬೋಗಿಯ ಅಡಿಯ ಸ್ಟೀಲ್ ತೊಟ್ಟಿಯಲ್ಲಿ ಆಮ್ಲಜನಕ ಬೇಡದ ಬ್ಯಾಕ್ಟೀರಿಯಾ ಮಲವನ್ನು ಕರಗಿಸುತ್ತವೆ. ಮೀಥೇನ್, ಇಂಗಾಲದ ಡೈಆಕ್ಸೈಡ್ ಮತ್ತು ನೀರು ಉಳಿಯುತ್ತವೆ. ಹೊರಬೀಳುವ ನೀರಿಗೆ ಕೊನೆಯಲ್ಲಿ ಕ್ಲೋರಿನ್ ತಾಗಿಸುತ್ತಾರೆ. ಬ್ಯಾಕ್ಟೀರಿಯಾಕ್ಕೆ ತಿನ್ನಲಾಗದ್ದು ಪ್ಲಾಸ್ಟಿಕ್ ಬಾಟಲಿ, ಗುಟ್ಕಾ ಚೀಟಿ, ಡಯಾಪರ್, ಸ್ಯಾನಿಟರಿ ಪ್ಯಾಡ್, ಬಟ್ಟೆ. ಇವು ಬಾಗಿದ ಕೊಳವೆಯಲ್ಲಿ ಸಿಕ್ಕಿಕೊಂಡರೆ ಎಷ್ಟು ನೀರು ಸುರಿದರೂ ಅದು ಮೇಲಕ್ಕೇ ಉಕ್ಕುತ್ತದೆ. ಆಸಿಡ್, ಬ್ಲೀಚಿಂಗ್ ಪುಡಿಯಂಥ ಕಟು ರಾಸಾಯನಿಕಗಳನ್ನು ಯದ್ವಾತದ್ವಾ ಸುರಿದರೆ ಬ್ಯಾಕ್ಟೀರಿಯಾ ಸಾಯುತ್ತವೆ. ಆಗ ಕೊಳವೆ ಚೊಕ್ಕಟವಾಗಿದ್ದರೂ ತೊಟ್ಟಿ ನಾರುತ್ತದೆ. ಕಟ್ಟಿಕೊಳ್ಳುವುದು, ನಾರುವುದು ಬೇರೆ ಬೇರೆ ದೋಷಗಳು, ಬೆರೆಸಬೇಡಿ.

ಮಹಾಲೇಖಪಾಲರ (ಸಿಎಜಿ) 2017ರ ವರದಿಯ ಅಂಕಿ ನೆನಪಿಡಿ: ಪರಿಶೀಲಿಸಿದ 25,080 ಜೈವಿಕ ಶೌಚಾಲಯಗಳಲ್ಲಿ 2016–17ರಲ್ಲಿ ಕಂಡ ದೋಷಗಳು 1,99,689, ಇದರಲ್ಲಿ ಕಟ್ಟಿಕೊಂಡದ್ದೇ 1,02,792. ದೂರು ಅತಿ ಹೆಚ್ಚು ಬಂದ ಡಿಪೊ ಬೆಂಗಳೂರಿನದು. ಯಂತ್ರದ ಮೇಲೆ ಹೊರಿಸುವ ತಪ್ಪಿನಲ್ಲಿ ನಮ್ಮ ಕೈಯ ಪಾಲೂ ದೊಡ್ಡದು ಎನ್ನದೆ ವಿಧಿಯಿಲ್ಲ.

*ನಿರ್ವಾತ ಶೌಚಾಲಯ.* ವಿಮಾನದಿಂದ ಬಂದ ವಿದ್ಯೆ ಇದು. ಸಾಮಾನ್ಯ ಫ್ಲಶ್‌ಗೆ 10ರಿಂದ 15 ಲೀಟರ್ ನೀರು ಬೇಕಾದರೆ ಇದಕ್ಕೆ ಸುಮಾರು ಅರ್ಧ ಲೀಟರ್ ಸಾಕು. ಗುಂಡಿ ಒತ್ತಿದೊಡನೆ ನಡೆಯುವ ಕ್ರಮ: ಒತ್ತಿದ ಗಾಳಿ ಎಜೆಕ್ಟರ್ ಮೂಲಕ ನುಗ್ಗಿ ಒಳತೊಟ್ಟಿಯಲ್ಲಿ ನಿರ್ವಾತ ಉಂಟುಮಾಡುತ್ತದೆ, ಬೇಸಿನ್ನಿಗೆ ಸ್ವಲ್ಪ ನೀರು ಚಿಮ್ಮುತ್ತದೆ, ಕೆಳಗಿನ ಕವಾಟ ಕ್ಷಣಕಾಲ ತೆರೆಯುತ್ತದೆ, ಸದ್ದಿನೊಡನೆ ಎಲ್ಲವೂ ಒಳಗೆ, ಕವಾಟ ಮುಚ್ಚುತ್ತದೆ. ನಿರ್ವಾತ ಎಳೆಯುತ್ತದೆ ಎನ್ನುವುದು ರೂಢಿಯ ಮಾತು. ನಿಜಕ್ಕೂ ಹೊರಗಿನ ವಾಯುಭಾರ ತಳ್ಳುತ್ತದೆ. ಸಮುದ್ರಮಟ್ಟದಲ್ಲಿ ಆ ಒತ್ತಡ ಸುಮಾರು 101.3 ಕಿಲೋಪಾಸ್ಕಲ್. ಸ್ಟ್ರಾ ತೂತಾಗಿದ್ದರೆ ಎಳನೀರು ಮೇಲೇರದು. ಕವಾಟದ ರಬ್ಬರ್ ಸವೆದರೂ ಆಗುವುದು ಅದೇ.

ಇಲ್ಲಿ ಫ್ಲಶ್ ಮಂಕಾದರೆ ನೋಡಬೇಕಾದ ಸರದಿ: ಗಾಳಿಯ ಕೊಳವೆಯ ಕಾಕ್ ತೆರೆದಿದೆಯೇ, ಒತ್ತಡ ಸಾಕಷ್ಟಿದೆಯೇ, ಆಮೇಲೆ ಕವಾಟದ ಸೀಲ್, ಆಮೇಲೆ ಕೊಳವೆಯಲ್ಲಿ ಅಡಚಣೆ, ಕೊನೆಗೆ ನಿಯಂತ್ರಣ ಪೆಟ್ಟಿಗೆ. ಸದ್ದು ಕೇಳಿ ಊಹಿಸಬಹುದು. ಸದ್ದೇ ಇಲ್ಲದಿದ್ದರೆ ಗಾಳಿ ಅಥವಾ ವಿದ್ಯುತ್ ಇಲ್ಲ. ಸದ್ದಿದ್ದು ಎಳೆತವಿಲ್ಲದಿದ್ದರೆ ಸೋರಿಕೆ ಅಥವಾ ಅಡಚಣೆ. ಎಳೆತವಿದ್ದು ಬೇಸಿನ್ ಕೊಳಕಾಗಿಯೇ ಉಳಿದರೆ ಮಾತ್ರ ನೀರಿನ ಜಾಲರಿ, ನಳಿಕೆಯತ್ತ ನೋಡಿ. ಶೌಚಾಲಯದ ಗಾಳಿಯೂ ಬೋಗಿಯ ಒತ್ತಿದ ಗಾಳಿಯ ವ್ಯವಸ್ಥೆಯಿಂದಲೇ ಬರುವುದರಿಂದ ಜೊತೆಗೆ ಓದಿಕೊಳ್ಳಬೇಕಾದ ಅಂಕಿ: ಎರಡು ಕೊಳವೆಯ ಏರ್ ಬ್ರೇಕ್‌ನಲ್ಲಿ ಬ್ರೇಕ್ ಪೈಪ್ ಒತ್ತಡ ಚದರ ಸೆಂ.ಮೀ.ಗೆ 5 ಕೆ.ಜಿ., ಫೀಡ್ ಪೈಪ್‌ನದು 6 ಕೆ.ಜಿ.

*ಅರೆಯುವ ಶೌಚಾಲಯ.* ರೈಲಿನಲ್ಲಿಲ್ಲ, ಆದರೆ ವಿದ್ಯುತ್ ಪ್ರಶ್ನೆಗೆ ಒಳ್ಳೆಯ ಉದಾಹರಣೆ. 12 ವೋಲ್ಟ್ ಮೋಟಾರಿನ ಅಲಗು ಮಲವನ್ನು ಅರೆದು ತೊಟ್ಟಿಗೆ ತಳ್ಳುತ್ತದೆ. ಗಾಡಿ ಹೊಸದು, ಬ್ಯಾಟರಿ ತುಂಬಿದೆ, ಸುಮ್ಮನಿದ್ದಾಗ ಮೀಟರ್ 12.6 ತೋರಿಸುತ್ತದೆ, ಆದರೂ ಫ್ಲಶ್ ಸಪ್ಪೆ. ಮೋಟಾರು ತಿರುಗುವಾಗಲೇ ಮೋಟಾರಿನ ತುದಿಗಳಲ್ಲಿ ಅಳೆಯಬೇಕು. ತಂತಿ ಸಣ್ಣದಾಗಿ ಉದ್ದವಾಗಿದ್ದರೆ, ಜೋಡಣೆ ಸಡಿಲವಿದ್ದರೆ, ಕರೆಂಟ್ ಹರಿದಾಗ ವೋಲ್ಟೇಜ್ ಕುಸಿಯುತ್ತದೆ. ಇದು ಓಮನ ನಿಯಮವೇ. ವೋಲ್ಟೇಜ್ ಸರಿಯಿದ್ದರೆ ಮುಂದಿನ ಅನುಮಾನ ನೀರಿನ ಪಂಪು, ಅದರ ಜಾಲರಿ, ಮಡಚಿಕೊಂಡ ಹೋಸ್. ಹೊಸ ಗಾಡಿಯ ತೊಟ್ಟಿಯಲ್ಲಿ ಉಳಿದ ಪ್ಲಾಸ್ಟಿಕ್ ಚೂರು ಈ ಜಾಲರಿಯಲ್ಲೇ ಬಂದು ಕೂರುತ್ತದೆ. ಹೊಸದು ಎಂದಮಾತ್ರಕ್ಕೆ ಸರಿಯಿದೆ ಎಂದು ನಂಬುವ ತಂತ್ರಜ್ಞನಿಗೆ ಅಂಕ ಸಿಗದು.

ಪ್ರಯಾಣದಲ್ಲಿ ಕೆಟ್ಟರೆ

ರೈಲ್ವೆಯ ಸಹಾಯವಾಣಿ 139, ಆ್ಯಪ್ ರೈಲ್‌ಮದದ್. ‘ಫ್ಲಶ್ ಆಗುತ್ತಿಲ್ಲ’ ಎಂದಷ್ಟೇ ಹೇಳಿದರೆ ಸಿಬ್ಬಂದಿ ಬಕೆಟ್ ನೀರು ಸುರಿದು ಹೋದಾರು. ರೈಲಿನ ಸಂಖ್ಯೆ, ಬೋಗಿಯ ಸಂಖ್ಯೆ, ಯಾವ ತುದಿಯ ಶೌಚಾಲಯ, ಗುಂಡಿ ಒತ್ತಿದಾಗ ಸದ್ದು ಬರುತ್ತದೆಯೋ ಇಲ್ಲವೋ ಎಂಬುದನ್ನೂ ಸೇರಿಸಿ ದೂರು ಕೊಡಿ.