ಸಹ್ಯಾದ್ರಿಯ ಪ್ಯಾರಿಸ್ ಪೀಕಾಕ್: ಚಿಟ್ಟೆ ನೋಡಲು ಬರುವವರಿಗೆ ಸೂಚನೆ

ಕೊಡಗು, ಆಗುಂಬೆ ಕಡೆಯ ಕಾಡುಗಳಲ್ಲಿ ಹಾರಾಡುವ ಪ್ಯಾರಿಸ್ ಪೀಕಾಕ್ ಚಿಟ್ಟೆ ‘ತಮಿಳಾನಾ’ ಎಂಬ ಉಪಪ್ರಭೇದಕ್ಕೆ ಸೇರಿದ್ದು. 1881ರಲ್ಲಿ ಇದಕ್ಕೆ ಹೆಸರಿಟ್ಟವನು ಕೀಟತಜ್ಞ ಫ್ರೆಡರಿಕ್ ಮೂರ್. ಹಿಮಾಲಯದ ತಪ್ಪಲಿನ ಪ್ಯಾರಿಸ್ ಪೀಕಾಕಿಗಿಂತ ಇದು ದೊಡ್ಡದು. ಹಿಂದಿನ ರೆಕ್ಕೆಯ ನೀಲಿ ಮಚ್ಚೆಯೂ ಅಷ್ಟೇ, ಇನ್ನಷ್ಟು ಹರವಾದದ್ದು. ಈ ಎರಡನ್ನೂ ಹೋಲಿಸಲು ಚಿತ್ರ, ಟಿಪ್ಪಣಿ ತರುವವರಿಗೆ ಈ ಸೂಚನೆಗಳು.

ಮಾಡಬೇಕಾದ್ದು

ಮೊದಲು ಮುಂದಿನ ರೆಕ್ಕೆ ನೋಡಿ. ಅಲ್ಲಿಯೂ ಅಗಲವಾದ ನೀಲಿ-ಹಸಿರು ಪಟ್ಟೆ ಹಾದುಹೋಗಿದ್ದರೆ ಅದು ಮಲಬಾರ್ ಬ್ಯಾಂಡೆಡ್ ಪೀಕಾಕ್, ಬೇರೆಯೇ ಪ್ರಭೇದ. ಪ್ಯಾರಿಸ್ ಪೀಕಾಕಿನ ಮುಂದಿನ ರೆಕ್ಕೆ ಕಪ್ಪು, ಮೇಲೆ ಹಸಿರು ಪುಡಿ ಉದುರಿಸಿದ ಹಾಗೆ.

ಬಣ್ಣ ಬರೆದುಕೊಳ್ಳುವ ಮುನ್ನ ಒಂದೆರಡು ಹೆಜ್ಜೆ ಪಕ್ಕಕ್ಕೆ ಸರಿದು ಮತ್ತೆ ನೋಡಿ. ಆಗಲೇ ನೀಲಿಯಾಗಿದ್ದ ಮಚ್ಚೆ ಈಗ ಹಸಿರು! ರೆಕ್ಕೆಯ ಹುರುಪೆಗಳಲ್ಲಿರುವ ಅತಿ ತೆಳು ಪದರಗಳಿಂದ ಬೆಳಕು ಪ್ರತಿಫಲಿಸಿ ಹುಟ್ಟುವ ಬಣ್ಣವಿದು, ನೋಡುವ ಕೋನಕ್ಕೆ ತಕ್ಕಂತೆ ಬದಲಾಗುತ್ತದೆ. ಹೀಗಾಗಿ ‘ನಮ್ಮದು ಹೆಚ್ಚು ನೀಲಿ, ಹಿಮಾಲಯದ್ದು ಹಸಿರು’ ಎಂಬ ಟಿಪ್ಪಣಿಗೆ ಕಾಸಿನ ಬೆಲೆಯಿಲ್ಲ. ಮಚ್ಚೆಯ ಹರವು ಬರೆಯಿರಿ: ಬುಡದ ಕಡೆಗೆ ಎಷ್ಟು ಚಾಚಿದೆ, ಯಾವ ನರಗಳ ನಡುವೆ ಹಬ್ಬಿದೆ, ಒಳಅಂಚು ಹೇಗಿದೆ.

ಗಂಡೋ ಹೆಣ್ಣೋ ಗುರುತಿಸಿ. ಹೆಣ್ಣಿನ ಬಣ್ಣ ತುಸು ಮಂಕು. ರೆಕ್ಕೆ ಸವೆದಿದ್ದರೆ ಅದನ್ನೂ ನಮೂದಿಸಿ. ಹುರುಪೆ ಉದುರಿದ ಮುದಿ ಚಿಟ್ಟೆಯನ್ನು ‘ಹೊಸ ಬಗೆ’ ಎಂದು ಸಂಭ್ರಮಿಸುವವರು ಪ್ರತಿ ಹಂಗಾಮಿನಲ್ಲೂ ಇರುತ್ತಾರೆ. ದಿನಾಂಕ, ಹೊತ್ತು, ಬಿಸಿಲೋ ಮೋಡವೋ ಎಂಬುದು ಇಲ್ಲದ ಚಿತ್ರವನ್ನು ಹೋಲಿಕೆಗೆ ತರಬೇಡಿ.

ಮಾಡಬಾರದ್ದು

ಹಿಡಿಯಬೇಡಿ. ಬೆರಳಿಗೆ ಅಂಟುವ ಮಿರುಗುಪುಡಿಯೇ ನೀವು ನೋಡಲು ಬಂದ ಬಣ್ಣ. ಫೋಟೊಗೆ ಅಲುಗದೆ ಕೂರಲಿ ಎಂದು ಚಿಟ್ಟೆಯನ್ನು ಡಬ್ಬಿಗೆ ಹಾಕಿ ತಂಪುಪೆಟ್ಟಿಗೆಯಲ್ಲಿಡುವುದು ಕ್ರೌರ್ಯ. ಅಂಥ ಚಿತ್ರ ನಮಗೆ ಬೇಡ.

ಫ್ಲಾಶ್ ಬೇಡ, ಮಚ್ಚೆ ಬರೀ ಹೊಳಪಾಗಿ ಬಿಡುತ್ತದೆ. ಫೋನಿನಲ್ಲಿ ಬಣ್ಣ ಏರಿಸಿದ ಚಿತ್ರವನ್ನು ಹಿಮಾಲಯದ ಪ್ಯಾರಿಸ್ ಪೀಕಾಕಿನ ಚಿತ್ರದ ಪಕ್ಕ ಇಟ್ಟು ವಾದಿಸಬೇಡಿ.

ಹಳ್ಳದ ಹಸಿ ಮರಳಲ್ಲಿ ಉಪ್ಪಂಶ ಹೀರುತ್ತ ಕೂತವು ಬಹುಪಾಲು ಗಂಡುಗಳು. ಆ ಗುಂಪಿನೊಳಕ್ಕೆ ನಡೆಯಬೇಡಿ, ಅಲ್ಲಿನ ಎಣಿಕೆಯನ್ನು ಇಡೀ ಕಾಡಿನದ್ದೆಂದು ಬರೆಯಲೂಬೇಡಿ. ಇಂಬಳ ಹತ್ತಿದರೆ ಹಿಂದೆ ಬಂದು ಕಿತ್ತುಕೊಳ್ಳಿ, ಅಲ್ಲೇ ಕಾಲು ಝಾಡಿಸಬೇಡಿ.

ದಾರಿಯಂಚಿನ ಟೊಡಾಲಿಯಾ ಮುಳ್ಳುಬಳ್ಳಿಯನ್ನು ಸವರಬೇಡಿ. ಪ್ಯಾರಿಸ್ ಪೀಕಾಕಿನ ಮರಿಹುಳು ಬೆಳೆಯುವುದು ನಿಂಬೆ ಕುಟುಂಬದ ಈ ಬಳ್ಳಿಯ ಎಲೆ ತಿಂದು. ಮೀಸಲು ಅರಣ್ಯಕ್ಕೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಾಲಿಡುವಂತಿಲ್ಲ.