ಬಣ್ಣ ಕೊನೆಗಿರಲಿ, ಮರಿ

ಹಳೇ ರೇಸ್ ಕಾರು ತಂದು ಮನೆಯಲ್ಲೇ ಸರಿ ಮಾಡಿ ಓಡಿಸುತ್ತೇನೆ ಅಂತ ಹೊರಟಿದ್ದೀಯಲ್ಲ, ಕೇಳಿ ನನಗೆ ಖುಷಿಯಾಯಿತು. ನಾಲ್ಕೂ ಚಕ್ರ ಮೈಯಿಂದ ಹೊರಗೆ, ಒಬ್ಬನೇ ತೂರಿಕೊಂಡು ಕೂರುವಷ್ಟು ಜಾಗ, ಇಂಜಿನ್ ಬೆನ್ನ ಹಿಂದೆ. ಅಂಥದ್ದೊಂದು ಹಾಸನದ ಬೀದಿಗೆ ಬಂದರೆ ಮಕ್ಕಳೆಲ್ಲ ಕಾಂಪೌಂಡ್ ಹತ್ತಿ ಕೂರುತ್ತವೆ. ಆದರೆ ನೀನು ಫೋನಿನಲ್ಲಿ ನನಗೆ ಮೊದಲು ತೋರಿಸಿದ್ದೇನು? ಬಣ್ಣ. ಮೂಗಿಗೆ ಕೆಂಪು, ಪಕ್ಕಕ್ಕೆ ಬಿಳಿ ಪಟ್ಟೆ, ಹೆಸರು ಇಂಥ ಅಕ್ಷರದಲ್ಲಿ. ಕಾರು ಇನ್ನೂ ಮನೆಗೆ ಬಂದಿಲ್ಲ, ನಿನ್ನ ತಲೆಯಲ್ಲಿ ಬಣ್ಣ ಆಗಲೇ ಒಣಗಿಬಿಟ್ಟಿದೆ! ಕೈ ಚುರುಕಾಗಿದೆ, ಕಣ್ಣೂ ಚುರುಕಾಗಿದೆ. ಆತುರ ಮಾತ್ರ ಎರಡಕ್ಕಿಂತ ಮುಂದೆ ಓಡುತ್ತಿದೆ. ಅದಕ್ಕೇ ಕರೆದು ಕೂರಿಸಿ ಹೇಳುತ್ತಿದ್ದೇನೆ.

ನೀನು ಕಣ್ಣು ಹಾಕಿರುವುದು ಫಾರ್ಮುಲಾ ಮಾರುತಿ. ಸ್ಪ್ಯಾನರ್ ಹಿಡಿಯುವ ಮೊದಲು ಅದರ ಹುಟ್ಟು ತಿಳಿದುಕೋ. ನಮ್ಮ ದೇಶದಲ್ಲಿ ಒಂಟಿ ಸೀಟಿನ ರೇಸ್ ಕಾರು ಅಂದರೆ ದುಡ್ಡಿರುವವರ ಆಟವಾಗಿದ್ದ ಕಾಲ ಅದು. ರೇಸು ನಡೆಯುತ್ತಿದ್ದದ್ದು ಮದ್ರಾಸಿನ ಹತ್ತಿರ ಶೋಲಾವರಂನಲ್ಲಿ, ಎರಡನೇ ಮಹಾಯುದ್ಧದ ಕಾಲದ ವಿಮಾನದ ಪಟ್ಟಿಯ ಮೇಲೆ. 1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗಿಳಿಯಿತು. ಕೊಯಮತ್ತೂರಿನ ಎಸ್. ಕರಿವರ್ಧನ್, ಬಟ್ಟೆ ಗಿರಣಿಯ ಮನೆತನದವರು, ಆ ಸಂಸಾರದ ಕಾರಿನ ಮೂರು ಸಿಲಿಂಡರಿನ 796 ಸಿಸಿ ಇಂಜಿನ್ನನ್ನೇ ತಂದು ಕಬ್ಬಿಣದ ಪೈಪಿನ ಚೌಕಟ್ಟಿನಲ್ಲಿ ಕೂರಿಸಿ, ಮೇಲೆ ಫೈಬರ್ ಮೈ ಹೊದಿಸಿದರು. ಬಿಡಿಭಾಗ ಊರೂರಲ್ಲಿ ಸಿಗಬೇಕು, ಸಾಧಾರಣ ಮನೆಯ ಹುಡುಗನಿಗೂ ರೇಸು ಎಟುಕಬೇಕು ಎನ್ನುವುದು ಅವರ ಹಟ. 1990ರಲ್ಲಿ ಶ್ರೀಪೆರಂಬುದೂರಿನ ಹತ್ತಿರ ಇರುಂಗಾಟ್ಟುಕೋಟ್ಟೈನಲ್ಲಿ ನಿಜವಾದ ಟ್ರ್ಯಾಕ್ ಬಂತು. ನರೇನ್ ಕಾರ್ತಿಕೇಯನ್ ರೇಸಿಗಿಳಿದದ್ದು ಅಲ್ಲಿ, ಇದೇ ಫಾರ್ಮುಲಾ ಮಾರುತಿಯಲ್ಲಿ. ಅದೇ ಹುಡುಗ 2005ರಲ್ಲಿ ಭಾರತದ ಮೊದಲ ಫಾರ್ಮುಲಾ ಒನ್ ಚಾಲಕನಾದ. ಅದನ್ನು ನೋಡಲು ಕರಿವರ್ಧನ್ ಇರಲಿಲ್ಲ. 1995ರಲ್ಲೇ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದರು.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, "ಆ ಇಂಜಿನ್ ಕಿತ್ತು ಸ್ವಿಫ್ಟಿನದು ಹಾಕಿದರೆ ಹೇಗೆ?" ಅಂತ ಮೊನ್ನೆ ಕೇಳಿದೆಯಲ್ಲ, ಅದಕ್ಕೆ. ಬೇಡಪ್ಪ. ಆ ಪುಟ್ಟ ಇಂಜಿನ್ನೇ ಆ ಕಾರಿನ ಚರಿತ್ರೆ. ಅದನ್ನು ಕಿತ್ತೆಯೋ, ಉಳಿಯುವುದು ಪೈಪಿನ ಗೂಡು.

ಕೈ ಪಳಗಿಸಲು ಮೊದಲು ನಿಮ್ಮ ಮನೆಯ ಹಿಂದೆ ಗೋಣಿಚೀಲ ಹೊದ್ದು ನಿಂತಿರುವ ಯೆಜ್ಡಿ ಬೈಕನ್ನು ಬಿಚ್ಚು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಅಂಥ ಗಾಡಿಗಳನ್ನು ಮಾಡಿತು. ಕಿಕ್ಕರಿಗೂ ಗೇರಿಗೂ ಒಂದೇ ಸನ್ನೆ ಇಟ್ಟ ಆ ಜಾಣತನ ಒಮ್ಮೆ ಬಿಚ್ಚಿ ನೋಡಿದವನಿಗೇ ಗೊತ್ತಾಗುವುದು. ಅದನ್ನು ಬಿಚ್ಚಿ, ಮತ್ತೆ ಜೋಡಿಸಿ, ಒಂದು ನಟ್ಟೂ ಮಿಗದಂತೆ ಚನ್ನರಾಯಪಟ್ಟಣಕ್ಕೆ ಹೋಗಿ ಬಾ. ಆಮೇಲೆ ರೇಸ್ ಕಾರಿನ ಮಾತು.

ಕಾರು ಬಂದ ದಿನ ಸ್ಪ್ಯಾನರ್ ಮುಟ್ಟಬೇಡ. ನಾಲ್ಕೂ ಕಡೆಯಿಂದ, ಹೊಟ್ಟೆಯಡಿಯಿಂದ, ಪೈಪು ಪೈಪಿನ ಸಂದಿಯಿಂದ ಫೋಟೊ ತೆಗಿ. ಆ ಫೋನು ಒಂದು ಸಲವಾದರೂ ಉಪಯೋಗಕ್ಕೆ ಬರಲಿ! ಬಿಚ್ಚಿದ ಪ್ರತಿ ಬೋಲ್ಟನ್ನೂ ಬೇರೆ ಬೇರೆ ಕವರಿಗೆ ಹಾಕಿ, ಎಲ್ಲಿಯದು, ಎಡವೋ ಬಲವೋ ಅಂತ ಚೀಟಿ ಬರೆದಿಡು. "ನೆನಪಿರುತ್ತೆ ಬಿಡಿ" ಅಂದವರ ಶೆಡ್ಡಿನಲ್ಲಿ ಡಬ್ಬದ ತುಂಬ ಬೋಲ್ಟು, ಮೂಲೆಯಲ್ಲಿ ಅರ್ಧ ಕಾರು, ವರ್ಷಾನುಗಟ್ಟಲೆ ಹಾಗೇ ಬಿದ್ದಿರುವುದನ್ನು ನೋಡಿದ್ದೇನೆ. ಸವೆದ ಭಾಗವನ್ನೂ ಗುಜರಿಗೆ ಹಾಕಬೇಡ. ಹೊಸದು ಮಾಡಿಸುವಾಗ ಅಳತೆ ಸಿಗುವುದು ಅದರಿಂದಲೇ.

ಇನ್ನು ಚೌಕಟ್ಟು. ಇಲ್ಲಿ ಸ್ವಲ್ಪ ಕಿವಿಗೊಟ್ಟು ಕೇಳು, ನಿನ್ನ ಪ್ರಾಣದ ಮಾತು. ನಮ್ಮ ಕಡೆ ಅಂಗಮಾರಿ ಬಡಿದ ಆಲೂಗಡ್ಡೆ ಹೇಗೆ ಸಿಪ್ಪೆ ನೆಟ್ಟಗಿದ್ದು ಒಳಗೆ ಕೊಳೆತಿರುತ್ತದೋ, ಈ ಪೈಪುಗಳೂ ಹಾಗೆ. ಹೊರಗೆ ಬಣ್ಣ ಮಿಂಚುತ್ತಿರುತ್ತದೆ, ಒಳಗೆ ನೀರು ನಿಂತು ತುಕ್ಕು ತಿಂದಿರುತ್ತದೆ. ಬಣ್ಣ ಕೆರೆದು, ಸಣ್ಣ ಸುತ್ತಿಗೆಯಲ್ಲಿ ತಟ್ಟುತ್ತಾ ಹೋಗು. ಗಟ್ಟಿ ಪೈಪು ಒಂದು ಥರ ಸದ್ದು ಕೊಡುತ್ತದೆ, ತಿಂದುಹೋದದ್ದು ಇನ್ನೊಂದು ಥರ. ಅನುಮಾನ ಬಂದ ಕಡೆ ಕತ್ತರಿಸಿ ಹೊಸ ಪೈಪು ಹಾಕಿಸು, ಮೇಲೆ ತೇಪೆ ಹಾಕಿಸಬೇಡ. ಬೆಸುಗೆಯ ಅಂಚಿನಲ್ಲಿ, ಸಸ್ಪೆನ್ಷನ್ ತೋಳುಗಳು ಚೌಕಟ್ಟಿಗೆ ಕೂಡುವ ಜಾಗದಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಬರಿಗಣ್ಣಿಗೆ ಕಾಣದು. ಅದಕ್ಕೆ ಕೆಂಪು ಬಣ್ಣದ ದ್ರವ ಸಿಂಪಡಿಸಿ, ಒರೆಸಿ, ಬಿಳಿ ಪುಡಿಯ ಸ್ಪ್ರೇ ಹೊಡೆಯುತ್ತಾರೆ. ಬಿರುಕಿದ್ದ ಕಡೆ ಕೆಂಪು ಗೆರೆ ಎದ್ದು ಬರುತ್ತದೆ. ದೊಡ್ಡ ಖರ್ಚಿನ ಕೆಲಸವಲ್ಲ. ಅದೊಂದನ್ನು ಉಳಿಸಲು ಹೋಗಬೇಡ.

ಕಾರು ಎಲ್ಲಿ ನಿಲ್ಲಿಸುತ್ತೀಯ? ಅರಕಲಗೂಡಿನ ನಿಮ್ಮ ಅಜ್ಜಿ ಮನೆಯ ಕೊಟ್ಟಿಗೆ ಅಂದೆ. ಆ ಕಡೆ ಮಳೆ ಜಾಸ್ತಿ, ಅದರ ಮೇಲೆ ಗಂಜಲದ ಆವಿ ಬೇರೆ. ಕೆರೆದ ಕಬ್ಬಿಣಕ್ಕೆ ರಾತ್ರಿ ಕಳೆಯುವುದರೊಳಗೆ ಕೆಂಪು ಹತ್ತುತ್ತದೆ. ಚನ್ನರಾಯಪಟ್ಟಣದ ತೋಟದ ಮನೆ ವಾಸಿ, ಒಣ ಹವೆ. ಅಲ್ಲಿ ಧೂಳು ಕಾಡುತ್ತದೆ, ಇಂಜಿನ್ ಬಿಚ್ಚಿಟ್ಟರೆ ಶುದ್ಧ ಬಟ್ಟೆ ಹೊದಿಸಿಡು. ಎಲ್ಲೇ ಆಗಲಿ, ಕೆರೆದ ದಿನವೇ ಪ್ರೈಮರ್ ಬಳಿ.

ಇಂಜಿನ್ ವರ್ಷಗಟ್ಟಲೆ ನಿಂತಿದ್ದರೆ ಬ್ಯಾಟರಿ ಕೊಟ್ಟು ತಿರುಗಿಸಬೇಡ. ಪ್ಲಗ್ ಬಿಚ್ಚಿ, ಒಂದಿಷ್ಟು ಎಣ್ಣೆ ಬಿಟ್ಟು, ಕೆಲವು ದಿನ ಸುಮ್ಮನಿರು. ಸುಮ್ಮನಿರುವುದು ನಿನಗೆ ಕಷ್ಟ, ಗೊತ್ತು. ಆಮೇಲೆ ಕ್ರ್ಯಾಂಕ್ ಪುಲಿಗೆ ಸ್ಪ್ಯಾನರ್ ಕೊಟ್ಟು ಕೈಯಲ್ಲೇ ಮೆಲ್ಲಗೆ ತಿರುಗಿಸು. ಟೈಮಿಂಗ್ ಬೆಲ್ಟ್ ಹೊಸದು ಹಾಕದೆ ಸ್ಟಾರ್ಟ್ ಮಾಡಬೇಡ. ರೇಡಿಯೇಟರಿನ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡರೆ ಬಿಸಿಯೇರಿ ಹೆಡ್ ಬಾಗುತ್ತದೆ, ಆ ಗಾಳಿಯನ್ನು ಪೂರ್ತಿ ತೆಗಿ. ಮಾರುತಿ 800ರ ತಯಾರಿಕೆ 2014ರ ಜನವರಿಯಲ್ಲೇ ನಿಂತಿತು, ಕಾರ್ಬುರೇಟರ್ ಕಾಲವಂತೂ ಅದಕ್ಕೂ ಎಷ್ಟೋ ಮುಂಚೆ ಮುಗಿಯಿತು. ಹಾಗಂತ ಹೆದರಬೇಡ. ಬೆಂಗಳೂರಿನ ಜೆ.ಸಿ. ರಸ್ತೆ ಇದೆ, ಶಿವಾಜಿನಗರದ ಗುಜರಿ ಇದೆ. ಹಳೇ ಭಾಗವನ್ನು ಕೈಯಲ್ಲಿ ಹಿಡಿದು ಹೋಗು, ಬಾಯಲ್ಲಿ ವರ್ಣನೆ ಮಾಡಬೇಡ.

ಬ್ರೇಕಿನ ರಬ್ಬರ್ ಕಪ್ಪುಗಳನ್ನು ಪೆಟ್ರೋಲಿನಲ್ಲೋ ಇಂಜಿನ್ ಆಯಿಲ್‌ನಲ್ಲೋ ತೊಳೆಯುವ ಹುಡುಗರಿದ್ದಾರೆ. ತೊಳೆದಾಗ ಫಳಫಳ ಅನ್ನುತ್ತವೆ. ಆಮೇಲೆ ಊದಿಕೊಂಡು ಸಿಕ್ಕಿಬಿದ್ದು ಬ್ರೇಕೇ ಕೈಕೊಡುತ್ತದೆ. ಬ್ರೇಕ್ ಆಯಿಲ್‌ನಲ್ಲೇ ತೊಳಿ. ಹಿಂದೆಂದೋ ತೆರೆದಿಟ್ಟ ಡಬ್ಬದ್ದು ಬೇಡ, ಅದು ಗಾಳಿಯ ತೇವ ಕುಡಿದಿರುತ್ತದೆ. ಪೆಟ್ರೋಲ್ ಟ್ಯಾಂಕು ಸೋರಿದರೆ ವೆಲ್ಡಿಂಗ್ ಮಾಡಿಸಲು ಓಡಬೇಡ. ಖಾಲಿ ಅಂತ ಕಾಣುವ ಟ್ಯಾಂಕಿನೊಳಗಿನ ಆವಿಯೇ ಸಿಡಿಯುವುದು. ಹೊಸ ಟ್ಯಾಂಕು ಹಾಕು. ಸೀಟ್ ಬೆಲ್ಟೂ ಹೊಸದೇ ಇರಲಿ. ರೇಸ್ ಬೆಲ್ಟುಗಳ ಮೇಲೆ ಯಾವ ವರ್ಷದವರೆಗೆ ಎಂದು ಬರೆದೇ ಇರುತ್ತದೆ. "ಗಟ್ಟಿಯಾಗೇ ಇದೆಯಲ್ಲ" ಎಂಬ ಮಾತು ಅಲ್ಲಿ ನಡೆಯದು.

ಫೈಬರ್ ಕೆಲಸ ನೀನೇ ಮಾಡಬಹುದು, ಕಲಿಯುವುದು ಸುಲಭ. ಅದರಲ್ಲೂ ಒಂದು ಯಮಪಾಶವಿದೆ. ರೆಸಿನ್ ಜೊತೆ ಎರಡು ಸಣ್ಣ ಬಾಟಲಿ ಕೊಡುತ್ತಾರೆ, ಒಂದು ಕೋಬಾಲ್ಟ್, ಇನ್ನೊಂದು ಹಾರ್ಡನರ್. ಅವೆರಡನ್ನೂ ನೇರವಾಗಿ ಸೇರಿಸಿದೆಯೋ, ಭಗ್ಗೆಂದು ಹೊತ್ತಿಕೊಳ್ಳುತ್ತದೆ. ಮೊದಲು ಕೋಬಾಲ್ಟನ್ನು ರೆಸಿನ್ನಿಗೆ ಹಾಕಿ ಚೆನ್ನಾಗಿ ಕದಡು, ಹಾರ್ಡನರ್ ಆಮೇಲೆ. ಆ ಹಾರ್ಡನರ್ ಒಂದು ಹನಿ ಕಣ್ಣಿಗೆ ಬಿದ್ದರೂ ಕಣ್ಣು ಹೋದೀತು. ಕನ್ನಡಕ, ಮಾಸ್ಕ್ ಹಾಕಿಕೋ. ಉಜ್ಜುವ ಕೆಲಸ ಹೊರಗೆ, ಗಾಳಿಯಲ್ಲಿ. ಫೈಬರ್ ಪುಡಿ ಹತ್ತಿದ ಆ ಬಟ್ಟೆಗಳನ್ನು ಮನೆಯವರ ಬಟ್ಟೆ ಜೊತೆ ಒಗೆಯಲು ಹಾಕಿದರೆ ನಿಮ್ಮಮ್ಮ ನಿನ್ನನ್ನೂ ಕಾರನ್ನೂ ಒಟ್ಟಿಗೇ ಹೊರಗೆ ಹಾಕುತ್ತಾಳೆ, ನಾನೂ ಅವಳ ಕಡೆಯೇ.

ಮೇಸ್ತ್ರಿಗಳ ಹತ್ತಿರ ನಡೆದುಕೊಳ್ಳುವ ರೀತಿ ಕಲಿ. ಹಾಸನದಲ್ಲೂ ಹೊಳೆನರಸೀಪುರದಲ್ಲೂ ಟ್ರ್ಯಾಕ್ಟರು, ಪಂಪ್‌ಸೆಟ್ಟು ನಂಬಿಕೊಂಡ ಲೇತ್ ಅಂಗಡಿಗಳಿವೆ. ನಿನಗೆ ಬೇಕಾದ ಬುಶ್ಶನ್ನು ಕಣ್ಣಳತೆಯಲ್ಲೇ ಗುರುತಿಸುವ ಕೈಗಳು ಅಲ್ಲಿವೆ. ಮೇ, ಜೂನಿನಲ್ಲಿ ಹೋಗಿ ಅವಸರ ಮಾಡಬೇಡ. ಆಲೂಗಡ್ಡೆ ಬಿತ್ತನೆ ಕಾಲ, ರೈತನ ಟ್ರ್ಯಾಕ್ಟರ್ ನಿಂತರೆ ಅವನ ವರ್ಷವೇ ನಿಂತಂತೆ. ಅವನದು ಮೊದಲು, ನಿನ್ನದು ಆಮೇಲೆ. ಹೋದವನೇ "ಯೂಟ್ಯೂಬ್‌ನಲ್ಲಿ ಹಿಂಗೆ ಮಾಡ್ತಾರೆ" ಅಂತ ಪಾಠ ಹೇಳಬೇಡ. ಭಾಗವನ್ನು ಕೈಗಿಡು, ಎಲ್ಲಿ ಕೂರುತ್ತದೆ, ಎಷ್ಟು ಭಾರ ಹೊರುತ್ತದೆ ಹೇಳು, ಸುಮ್ಮನೆ ನಿಂತು ನೋಡು. ಒಂದು ವಿಷಯದಲ್ಲಿ ಮಾತ್ರ ಸಂಕೋಚ ಬಿಡು: ಟ್ರಾಲಿಗೆ ಹಾಕುವ ವೆಲ್ಡಿಂಗ್ ಸಸ್ಪೆನ್ಷನ್ ತೋಳಿಗೆ ಸಾಲದು. ತೆಳು ಪೈಪಿಗೆ ಟಿಗ್ ವೆಲ್ಡಿಂಗ್ ಪಳಗಿದ ಕೈಯನ್ನು ಹುಡುಕು, ಬೆಂಗಳೂರಿಗೆ ಹೋಗಬೇಕಾದರೂ ಹೋಗು.

ಇಷ್ಟಾದ ಮೇಲೆ ಬಣ್ಣ ಬಳಿ. ಫೈಬರ್ ಮೈಯ ಹಳೇ ಬಣ್ಣವನ್ನು ಒಂದೇ ಏಟಿಗೆ ಕೆರೆಯದೆ ಪದರ ಪದರವಾಗಿ ತೆಗೆದರೆ ಅದು ಮೊದಲು ಯಾವ ಬಣ್ಣದಲ್ಲಿ, ಯಾವ ನಂಬರಿನಲ್ಲಿ ಓಡಿತ್ತು ಅನ್ನುವುದು ಸಿಕ್ಕರೂ ಸಿಕ್ಕೀತು. ಸಿಕ್ಕರೆ ಆ ಬಣ್ಣವೇ ಇರಲಿ, ನಿನ್ನ ಕೆಂಪನ್ನು ಮರೆತುಬಿಡು.

ಮೊದಲ ಓಟ ಹಾಸನದ ಬಿ.ಎಂ. ರಸ್ತೆಯಲ್ಲಿ ಅಂತ ಗೆಳೆಯರ ಮುಂದೆ ಹೇಳಿದ್ದೀಯಂತೆ. ಆ ಮಾತು ವಾಪಸ್ ತಗೋ. ನೋಂದಣಿ ಇಲ್ಲದ ಗಾಡಿ ಸಾರ್ವಜನಿಕ ರಸ್ತೆಗೆ ಇಳಿಯುವಂತಿಲ್ಲ. 2021ರಲ್ಲಿ ಬಂದ ವಿಂಟೇಜ್ ನೋಂದಣಿಯ ನಿಯಮವೂ 50 ವರ್ಷ ದಾಟಿದ ಗಾಡಿಗಳಿಗೆ. ಅದಿರಲಿ, ಲಾರಿ ಚಾಲಕನ ಕಣ್ಣಿಗೆ ನಿನ್ನ ಕಾರು ಕಾಣುವುದೇ ಇಲ್ಲ, ಅಷ್ಟು ಗಿಡ್ಡ. ಕೊಯಮತ್ತೂರಿನ ಹತ್ತಿರ 2003ರಲ್ಲಿ ಶುರುವಾದ ಟ್ರ್ಯಾಕ್ ಇದೆ, ಕರಿವರ್ಧನ್ ಹೆಸರಲ್ಲೇ ಇದೆ, ಕರಿ ಮೋಟಾರ್ ಸ್ಪೀಡ್‌ವೇ. ಮೊದಲೇ ಮಾತಾಡಿ, ದಿನ ಗೊತ್ತುಮಾಡಿಕೊಂಡು ಅಲ್ಲಿಗೆ ಹೋಗೋಣ. ಕಾರನ್ನು ಲಾರಿಗೆ ಹೇರಿಕೊಂಡು ಹೋಗುವಾಗ ದಾರಿಯಲ್ಲಿ ದಿಂಬಂ ಘಾಟಿಯ 27 ತಿರುವು ಇಳಿಯಬೇಕು. ಹಗ್ಗವನ್ನು ಚೌಕಟ್ಟಿಗೆ ಕಟ್ಟು, ಸಸ್ಪೆನ್ಷನ್ ತೋಳಿಗೆ ಕಟ್ಟಬೇಡ. ಮೊದಲ ಸುತ್ತು ನಿಧಾನ, ಒಳಗೆ ಬಂದು ಚಕ್ರದ ನಟ್ಟು ಮತ್ತೆ ಬಿಗಿ ಮಾಡಿ, ಬ್ರೇಕಿನ ಪೈಪು ಒಮ್ಮೆ ಮುಟ್ಟಿ ನೋಡಿ ಆಮೇಲೆ ಎರಡನೆಯದು. ಲಾರಿ ಯಾವತ್ತು ಹೊರಡುತ್ತದೆ ಅಂತ ಒಂದು ವಾರ ಮೊದಲೇ ಹೇಳು. ಹಗ್ಗ ಬಿಗಿಯಲು ನಾನೂ ಬರುತ್ತೇನೆ.