ಟೆಂಟಿಗಿಂತ ಮೊದಲು ಉಬ್ಬರದ ಪಟ್ಟಿ

ಅಮೆರಿಕದ ವಾಷಿಂಗ್ಟನ್ ರಾಜ್ಯದ ಒಲಿಂಪಿಕ್ ರಾಷ್ಟ್ರೀಯ ಉದ್ಯಾನದಲ್ಲಿ ಸ್ಪ್ರೂಸ್ ಮರಗಳ ದಟ್ಟ ಕಾಡು ಕಡಲಂಚಿನವರೆಗೂ ಇಳಿದು ಬಂದಿದೆ. ಸಿಯಾಟಲ್ ಸುತ್ತಮುತ್ತ ನೆಲೆಸಿರುವ ಕನ್ನಡಿಗರಿಗೆ ಇದು ಕಾರಿನಲ್ಲಿ ನಾಲ್ಕು ತಾಸಿನ ಆಸುಪಾಸಿನ ದಾರಿ. ಹೊರಡುವ ಮುನ್ನ ಯಾರು ಯಾರು ಬರುತ್ತಾರೆ ಎಂಬುದನ್ನು ನೋಡಿ, ತಂಗುವ ಜಾಗ ಆರಿಸಿಕೊಳ್ಳಬೇಕು.

ಊರಿನಿಂದ ಬಂದ ಅಪ್ಪ-ಅಮ್ಮ, ಚಿಕ್ಕ ಮಕ್ಕಳು ಜೊತೆಗಿದ್ದರೆ ಕ್ಲೇಲಾಕ್ ಕ್ಯಾಂಪ್‌ಗ್ರೌಂಡ್ ಸರಿ. ಕಡಲಿಗೆ ಮುಖ ಮಾಡಿದ ದಿಬ್ಬದ ಮೇಲೆ ಕಾರಿನ ಮಗ್ಗುಲಲ್ಲೇ ಟೆಂಟ್ ಹಾಕಬಹುದು. ನೀರು, ಶೌಚಾಲಯ ಇವೆ. ಸ್ನಾನದ ವ್ಯವಸ್ಥೆ ಮತ್ತು ಕರೆಂಟ್ ಇಲ್ಲ. ಬೇಸಿಗೆಯ ಜಾಗಗಳ ಬುಕಿಂಗ್ ಆರು ತಿಂಗಳ ಮೊದಲೇ ಶುರುವಾಗುತ್ತದೆ. ಜುಲೈ ನಡುವಿನ ವಾರಾಂತ್ಯ ಬೇಕೆಂದರೆ ಸಂಕ್ರಾಂತಿಯ ಹೊತ್ತಿಗೇ ಕಂಪ್ಯೂಟರ್ ಮುಂದೆ ಕೂರಬೇಕು! ನಮ್ಮ ಕರಾವಳಿ ತೊಯ್ದು ತೊಪ್ಪೆಯಾಗುವ ಆ ತಿಂಗಳು ಅಲ್ಲಿ ಮಳೆ ಕಡಿಮೆ. ಆದರೂ ರೇನ್‌ಕೋಟ್ ಬಿಟ್ಟು ಹೋಗುವ ಧೈರ್ಯ ಬೇಡ.

ಮರಳಿನ ಮೇಲೆಯೇ ರಾತ್ರಿ ಕಳೆಯಬೇಕು ಎನ್ನುವವರ ಸಿದ್ಧತೆ ಬೇರೆ. ಅದಕ್ಕೆ ಉದ್ಯಾನದ ಪರವಾನಗಿ ಬೇಕು. ರಿಯಾಲ್ಟೊ ಬೀಚಿನಲ್ಲಾದರೆ ಎಲೆನ್ ಕ್ರೀಕ್ ಹಳ್ಳವನ್ನು ದಾಟಿ ಉತ್ತರಕ್ಕೆ ಹೋದ ಮೇಲಷ್ಟೇ ಬಿಡಾರ ಹೂಡಬಹುದು. ತಿನಿಸನ್ನೆಲ್ಲ ಕರಡಿಗೂ ತೆರೆಯಲಾಗದ ಗಟ್ಟಿ ಡಬ್ಬಿಯಲ್ಲಿ ಇಡುವುದು ಕಡ್ಡಾಯ. ಹೆಸರು ಕರಡಿಯದಾದರೂ ಇಲ್ಲಿನ ಪಳಗಿದ ಕಳ್ಳ ರಕೂನ್. ಒಗ್ಗರಣೆಯ ಘಮ ಬಿಡುವ ಪುಳಿಯೋಗರೆ ಮಾತ್ರವಲ್ಲ, ಟೂತ್‌ಪೇಸ್ಟ್, ಸೋಪು ಕೂಡ ಆ ಡಬ್ಬಿಯೊಳಗೇ ಹೋಗಬೇಕು.

ಇನ್ನು ಮುಖ್ಯವಾದದ್ದು ಉಬ್ಬರ-ಇಳಿತದ ಪಟ್ಟಿ. ಇಲ್ಲಿ ಕಡಲು ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ. ಕಡಲಿಗೆ ಚಾಚಿದ ಬಂಡೆಯ ಮೂತಿಗಳನ್ನು ಇಳಿತದಲ್ಲಿ ಮಾತ್ರ ಸುತ್ತಿ ಹೋಗಲು ಸಾಧ್ಯ. ನೀರು ಎಷ್ಟು ಅಡಿಗಿಂತ ಕೆಳಗಿದ್ದರೆ ದಾರಿ ಸಿಗುತ್ತದೆ ಎಂಬುದನ್ನು ನಕ್ಷೆಯಲ್ಲಿ ಗುರುತಿಸಿರುತ್ತಾರೆ. ನಕ್ಷೆ, ಪಟ್ಟಿ ಎರಡನ್ನೂ ಕಾಗದದಲ್ಲೇ ಒಯ್ಯಿರಿ, ಮೊಬೈಲ್ ಸಿಗ್ನಲ್ ನೆಚ್ಚುವಂತಿಲ್ಲ. ಪಟ್ಟಿಯಲ್ಲಿರುವುದು ಬೇಸಿಗೆಯ ಗಡಿಯಾರದ ಸಮಯವೇ ಎಂದೂ ನೋಡಿಕೊಳ್ಳಿ. ಅಲ್ಲವಾದರೆ ಒಂದು ಗಂಟೆ ಕೂಡಿಸಬೇಕು.

ಟೆಂಟನ್ನು ಉಬ್ಬರದ ಗೆರೆಗಿಂತ ಸಾಕಷ್ಟು ಮೇಲೆ ಹಾಕಿ. ದಡದಲ್ಲಿ ರಾಶಿ ಬಿದ್ದಿರುವ ದೈತ್ಯ ದಿಮ್ಮಿಗಳು ಕುಳಿತು ಫೋಟೊ ತೆಗೆಸಿಕೊಳ್ಳಲು ಕರೆಯುವಂತಿರುತ್ತವೆ. ಆದರೆ ದೊಡ್ಡ ಅಲೆಯೊಂದು ಬಂದರೆ ಅವು ತೇಲಿ ಉರುಳುತ್ತವೆ. ಹೀಗೆ ಸಿಕ್ಕಿಕೊಂಡು ಪ್ರಾಣ ಕಳೆದುಕೊಂಡವರಿದ್ದಾರೆ.

ಹಳ್ಳದ ನೀರು ಚಹಾದ ಬಣ್ಣಕ್ಕಿದ್ದರೆ ಗಾಬರಿ ಬೇಡ, ಅದು ಎಲೆ-ತೊಗಟೆಯ ಟ್ಯಾನಿನ್. ಕುದಿಸಿಯೋ ಸೋಸಿಯೋ ಕುಡಿಯಬೇಕು ಎಂಬುದಂತೂ ನಿಜ.

ಮರುದಿನ ಇಳಿತಕ್ಕೆ ಒಂದು ಗಂಟೆ ಮೊದಲು ಹೊರಟರೆ, ರಿಯಾಲ್ಟೊ ಕಾರು ನಿಲ್ದಾಣದಿಂದ ಸುಮಾರು ಎರಡೂವರೆ ಕಿ.ಮೀ. ದೂರದ 'ಹೋಲ್ ಇನ್ ದ ವಾಲ್' ಎಂಬ ಬಂಡೆ ಕಮಾನನ್ನು ನಿರಾಳವಾಗಿ ನೋಡಬಹುದು. ಅಲ್ಲಿನ ಬಂಡೆಗುಂಡಿಗಳಲ್ಲಿ ನಕ್ಷತ್ರ ಮೀನು, ಹಸಿರು ಕಡಲಹೂ ಸಿಗುತ್ತವೆ. ಮಕ್ಕಳು ಅವನ್ನು ಕೀಳದಂತೆ ನೋಡಿಕೊಳ್ಳಿ. ನೀರು ಮತ್ತೆ ಏರುವುದರೊಳಗೆ ಹಿಂದಿರುಗಿ.